ಮೇಣದ ಗೆರೆಯಲ್ಲಿದೆ ನೆಬುತದ ಬೆಳಕು

ಜೂನ್ 28, 2025, ಶನಿವಾರ
ಅಓಮೋರಿ, ಜಪಾನ್

ಹಬ್ಬಕ್ಕೆ ಇನ್ನು ಐದು ವಾರ. ಕಡಲ ದಂಡೆಯ ದೊಡ್ಡ ಡೇರೆಗಳಲ್ಲಿ ನೆಬುತ ಕಟ್ಟುವ ಕೆಲಸ ಬಿರುಸಾಗಿರುವ ಕಾಲ ಇದು. ಆಗಸ್ಟ್ 2ರಿಂದ 7ರವರೆಗೆ ಈ ಊರ ಬೀದಿಗಳಲ್ಲಿ ಹೊರಡುವ ದೀಪದ ಬೊಂಬೆಗಳಿಗೆ ನೆಬುತ ಎಂದು ಹೆಸರು. ದೊಡ್ಡ ನೆಬುತವೊಂದು ಗಾಡಿಯೂ ಸೇರಿ 9 ಮೀಟರ್ ಅಗಲ, 5 ಮೀಟರ್ ಎತ್ತರ, ಸುಮಾರು 4 ಟನ್ ತೂಕ. ನಮ್ಮ ತೇರಿನಂತೆ ಹಗ್ಗ ಹಿಡಿದು ಎಳೆಯುವುದಿಲ್ಲ, ಆಳುಗಳು ಗಾಡಿಗೆ ಕೈಕೊಟ್ಟು ತಳ್ಳುತ್ತಾರೆ. ಮುಂದೆ ಬೀಸಣಿಗೆ ಹಿಡಿದವನ ಸನ್ನೆಯಂತೆ ಅದು ತಿರುಗುತ್ತದೆ, ಬಾಗುತ್ತದೆ.

ಮೊದಲು ಮರದ ಕಂಬ, ಅದರ ಮೇಲೆ ತಂತಿಯ ಮೈಕಟ್ಟು. ದೀಪಗಳನ್ನೂ ಆಗಲೇ ಒಳಗೆ ಕೂರಿಸಬೇಕು, ಕಾಗದ ಮುಚ್ಚಿದ ಮೇಲೆ ಕೈ ಹೋಗುವುದು ಕಷ್ಟ. ತಂತಿಯ ಒಂದೊಂದು ಕಿಂಡಿಗೂ ಬೇರೆ ಬೇರೆ ವಾಶಿ, ಅಂದರೆ ಜಪಾನಿನ ಸಾಂಪ್ರದಾಯಿಕ ಕಾಗದ. ಅಂಚಿಗೆ ಗೋಂದು ಹಚ್ಚಿ, ಬಿಗಿಯಾಗಿ ಎಳೆದು ಅಂಟಿಸಿ, ಹೆಚ್ಚಾದದ್ದನ್ನು ತಂತಿಯ ಪಕ್ಕಕ್ಕೇ ಕತ್ತರಿಸುತ್ತಾರೆ. ಒಂದು ಕಾಗದ ಇನ್ನೊಂದರ ಮೇಲೆ ಹೆಚ್ಚು ಹತ್ತಿ ಕುಳಿತರೆ ದೀಪ ಹಚ್ಚಿದಾಗ ಅಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಸಡಿಲವಾಗಿದ್ದರೆ ಬಣ್ಣ ಗುಂಡಿಯಲ್ಲಿ ನಿಂತು ಕಲೆಯಾಗುತ್ತದೆ.

ಆಮೇಲೆ ಕಪ್ಪು ಶಾಯಿಯಲ್ಲಿ ಕಣ್ಣು, ಹುಬ್ಬು, ಬಟ್ಟೆಯ ನೆರಿಗೆ. ಅದರ ಬೆನ್ನಿಗೆ ಕರಗಿಸಿದ ಮೇಣ. ನೋಡಲೇಬೇಕಾದ ಹಂತ ಇದು. ಕಾಗದ ಕುಡಿದ ಮೇಣ ಎರಡು ಕೆಲಸ ಮಾಡುತ್ತದೆ: ಒಂದು ಬಣ್ಣ ಪಕ್ಕದ ಬಣ್ಣಕ್ಕೆ ಹರಿಯದಂತೆ ಬದುವಾಗಿ ನಿಲ್ಲುತ್ತದೆ, ತಾನು ಹತ್ತಿದ ಕಡೆ ಬೆಳಕನ್ನು ಸಲೀಸಾಗಿ ಹೊರಗೆ ಬಿಡುತ್ತದೆ. ಮೇಣ ಆರಿದ್ದರೆ ಮೇಲ್ಮೈಯಲ್ಲೇ ಹೆಪ್ಪುಗಟ್ಟುತ್ತದೆ, ತೀರಾ ಬಿಸಿಯಾದರೆ ಗೆರೆ ಮೀರಿ ಹರಡುತ್ತದೆ. ಹಗಲಲ್ಲಿ ಮಂಕಾಗಿ ಕಾಣುವ ಆ ಗೆರೆಯೇ ರಾತ್ರಿ ಮೀನಿನ ಹುರುಪೆಯನ್ನೂ ಅಲೆಯ ನೊರೆಯನ್ನೂ ಹೊಳೆಯಿಸುವುದು.

ಆದ್ದರಿಂದ ಒಂದೇ ಸಂಜೆ ಕೈಯಲ್ಲಿದ್ದರೆ 4, 5, 6ನೇ ತಾರೀಖಿನಲ್ಲಿ ಒಂದನ್ನು ಆರಿಸಿ. 2 ಮತ್ತು 3ರಂದು ಮಕ್ಕಳ ನೆಬುತಗಳೂ ಸೇರಿರುತ್ತವೆ. 7ರ ಮೆರವಣಿಗೆ ಮಧ್ಯಾಹ್ನ. ಅಂದು ರಾತ್ರಿ ಬಹುಮಾನ ಪಡೆದ ಕೆಲವು ಮಾತ್ರ ದೋಣಿಯೇರಿ, ಬಾಣಬಿರುಸಿನ ಕೆಳಗೆ ಕಡಲಲ್ಲಿ ಸಾಗುತ್ತವೆ.

ಕುರ್ಚಿ ಕಾಯ್ದಿರಿಸಿ ಕೂರುವುದಕ್ಕಿಂತ ಕುಣಿಯುವುದು ಮೇಲು. ನೆಬುತದ ಜೊತೆ ಕುಣಿಯುವವರಿಗೆ ಹನೆತೊ ಎಂದು ಹೆಸರು. ಅವರ ಉಡುಪು ಪೂರ್ತಿ ಇದ್ದರೆ ಯಾರು ಬೇಕಾದರೂ ಸೇರಬಹುದು, ಹೆಸರು ಬರೆಸಬೇಕಿಲ್ಲ. ಊರಲ್ಲಿ ಬಾಡಿಗೆಗೆ ಸಿಗುತ್ತದೆ. “ರಸ್ಸೆರಾ, ರಸ್ಸೆರಾ” ಎನ್ನುತ್ತ ಒಂದೊಂದು ಕಾಲಲ್ಲಿ ಎರಡೆರಡು ಸಲ ಕುಪ್ಪಳಿಸಬೇಕು. ಮೊದಲು ಕೈಕೊಡುವುದು ಚಪ್ಪಲಿ. ಹುಲ್ಲಿನ ಚಪ್ಪಲಿಯನ್ನು ಬಟ್ಟೆಯ ಪಟ್ಟಿಯಿಂದ ಪಾದಕ್ಕೆ ಬಿಗಿಯಾಗಿ ಕಟ್ಟಿಕೊಳ್ಳದಿದ್ದರೆ ಸ್ವಲ್ಪ ಹೊತ್ತಿಗೇ ಜಾರಿಹೋಗುತ್ತದೆ, ಹಿಂದೆ ಬಗ್ಗಿ ಹುಡುಕಲು ಗುಂಪು ಬಿಡುವುದಿಲ್ಲ. ಉಡುಪಿನಿಂದ ಉದುರಿದ ಗೆಜ್ಜೆ ರಸ್ತೆಯಲ್ಲಿ ಸಿಕ್ಕರೆ ಎತ್ತಿಟ್ಟುಕೊಳ್ಳಿ, ಶುಭ ಎಂಬ ನಂಬಿಕೆ ಇಲ್ಲಿದೆ.

ಟೋಕಿಯೊದಿಂದ ಶಿನ್-ಅಓಮೋರಿ ನಿಲ್ದಾಣಕ್ಕೆ ಹಯಾಬುಸಾ ಬುಲೆಟ್ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ. ಎಲ್ಲವೂ ಕಾಯ್ದಿರಿಸಿದ ಸೀಟುಗಳೇ. ಟಿಕೆಟ್ ಮಾರಾಟ ಸರಿಯಾಗಿ ಒಂದು ತಿಂಗಳ ಮುಂಚೆ, ಬೆಳಿಗ್ಗೆ 10ಕ್ಕೆ. ಅಂದರೆ ಆಗಸ್ಟ್ 4ರ ಟಿಕೆಟ್ ಜುಲೈ 4ಕ್ಕೆ. ಊರಲ್ಲಿ ರೂಮು ಸಿಗದಿದ್ದರೆ ಹಿರೊಸಾಕಿ ನೋಡಿ, ರೈಲಿನಲ್ಲಿ ಮುಕ್ಕಾಲು ಗಂಟೆ. ದೀಪದ ಬೊಂಬೆಗಳಿಗೆ ಅಲ್ಲಿ ನೆಪುತ ಎನ್ನುತ್ತಾರೆ; ಬೀಸಣಿಗೆ ಆಕಾರದ ಅವು ಆಗಸ್ಟ್ 1ರಿಂದಲೇ ಹೊರಡುತ್ತವೆ. ರಾತ್ರಿಯ ಕೊನೆಯ ರೈಲಿನ ಹೊತ್ತನ್ನು ಮಾತ್ರ ಬೆಳಿಗ್ಗೆಯೇ ನೋಡಿ ಬರೆದಿಟ್ಟುಕೊಳ್ಳಿ.