ಡೈನೋ ಹಾಳೆಯ ಕುದುರೆಶಕ್ತಿ

ಹಾಸನದ ನಮ್ಮ ಓಣಿ ಹುಡುಗ ಬೆಂಗಳೂರಿಗೆ ಹೋಗಿ ತನ್ನ ಆಟೋಮ್ಯಾಟಿಕ್ ಕಾರನ್ನ ಡೈನೋ ಮೇಲೆ, ಅಂದ್ರೆ ಚಕ್ರನ ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯೋ ಯಂತ್ರದ ಮೇಲೆ, ಹತ್ತಿಸ್ಕೊಂಡು ಬಂದಿದಾನೆ. ಕಂಪನಿ ಹೇಳಿದ್ದು 120 ಬಿಎಚ್‌ಪಿ (ಕುದುರೆಶಕ್ತಿ), ಹಾಳೆಯಲ್ಲಿ ಬಂದಿದ್ದು 98. "ಅಣ್ಣಾ, ಟೋಪಿ ಬಿತ್ತಾ?" ಅಂತಾನೆ.

ಇಲ್ಲ ಮಾರಾಯ. ಕಂಪನಿ ಹೇಳೋದು ಎಂಜಿನ್ನಿನ ಲೆಕ್ಕ, ರೋಲರ್ ಅಳೆಯೋದು ಚಕ್ರಕ್ಕೆ ಮುಟ್ಟಿದ್ದನ್ನ. ನಡುವೆ ಟಾರ್ಕ್ ಕನ್ವರ್ಟರ್ ಕೂತಿದೆ. ಎಂಜಿನ್ನು ಅದರೊಳಗಿನ ಎಣ್ಣೆನ ತಳ್ಳುತ್ತೆ, ಎಣ್ಣೆ ಗೇರ್‌ಬಾಕ್ಸನ್ನ ತಳ್ಳುತ್ತೆ. ಜಾರಿದಷ್ಟು ಶಕ್ತಿ ಬಿಸಿಯಾಗಿ ಹೋಯ್ತು. ಎರಡೂ ಕಡೆನ ನೇರ ಬಿಗಿಯೋ ಲಾಕಪ್ ಕ್ಲಚ್ ಹಿಡಿದ ಮೇಲೇ ಆ ಜಾರಾಟ ನಿಲ್ಲೋದು. ಸಾಲದ್ದಕ್ಕೆ, ಡ್ರೈವ್‌ನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ತುಳಿದ್ರೆ ಕಿಕ್‌ಡೌನ್ ಆಗಿ ಗೇರ್ ಇಳಿದು ಗ್ರಾಫ್ ಕೆಟ್ಟುಹೋಗುತ್ತೆ. ಅದಕ್ಕೇ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ, 1:1 ಅನುಪಾತಕ್ಕೆ (ಗೇರ್‌ಬಾಕ್ಸಿಗೆ ಒಳಗೆ ಬಂದಷ್ಟೇ ಸುತ್ತು ಹೊರಗೂ) ಹತ್ತಿರದ ಗೇರಲ್ಲೇ ಹಿಡಿದು ಎಳೀಬೇಕು. ಕೆಲವು ಕಾರು ಅಲ್ಲೂ ಮಾತು ಕೇಳಲ್ಲ, ಬಿಡಿ.

ಇನ್ನು ಎತ್ತರದ ಕಥೆ. ಹಾಸನ ಇರೋದೇ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲೆ. ಗಾಳಿ ಒತ್ತಿ ತುಂಬೋ ಟರ್ಬೊ ಇಲ್ಲದ ಎಂಜಿನ್ನಿಗೆ ಇಲ್ಲಿಯ ತೆಳು ಗಾಳಿಯಲ್ಲೇ ಶೇ 10ರ ಆಸುಪಾಸು ಖೋತಾ. ಡೈನೋ ಅದಕ್ಕೆ ತಿದ್ದುಪಡಿ ಹಾಕಿ ಹಾಳೆನ ಸರಿಮಾಡುತ್ತೆ. ಮುಳ್ಳಯ್ಯನಗಿರಿ ರಸ್ತೆ ಹಾಗೆಲ್ಲ ತಿದ್ದಲ್ಲ.

ನಂಗೆ ತಮಾಷೆ ಅನ್ಸಿದ್ದು ಬೇರೇನೇ. ಮೊನ್ನೆವರೆಗೆ ಶಿರಾಡಿ ಘಾಟಿಯಲ್ಲಿ "ಎಂಥಾ ಪಿಕಪ್ ಅಣ್ಣಾ!" ಅಂತಿದ್ದವನಿಗೆ ಹಾಳೆ ನೋಡಿದ ಮೇಲೆ ಅದೇ ಕಾರು ಮಂದ ಅನ್ಸೋಕೆ ಶುರುವಾಗಿದೆ. ಈಗ ರೀಮ್ಯಾಪ್ ಮಾಡಿಸ್ತಾನಂತೆ, ಅಂದ್ರೆ ಶಕ್ತಿ ಏರಿಸೋಕೆ ಎಂಜಿನ್ನಿನ ಕಂಪ್ಯೂಟರ್ ಸೆಟಿಂಗ್ ಬದಲಾಯಿಸೋದು. ಮೊದಲು ಗೇರ್‌ಬಾಕ್ಸ್ ಎಣ್ಣೆ ಯಾವಾಗ ಬದಲಾಯಿಸಿದ್ದು ನೋಡು ಅಂದಿದೀನಿ.