ದೊಡ್ಡಪ್ಪನ 94 ಡಿಸ್ಕ್, ಡ್ರೈವ್ ಇಲ್ಲದ ಲ್ಯಾಪ್‌ಟಾಪ್: ಒಂದು ಮಳೆಗಾಲದ ಕೆಲಸ

ಜೂನ್ 7

ಮಳೆ ಹಿಡಿದಿದೆ. ತೋಟದ ನೆರಳುಮರಗಳ ಕೊಂಬೆ ಸವರುವ ಮರಗಸಿ ಮುಗಿಯಿತು, ಗೊಬ್ಬರ ಹಾಕಿಯೂ ಆಯಿತು. ಇನ್ನು ಮೂರು ತಿಂಗಳು ಸಂಜೆ ಹೊತ್ತು ಮನೆಯೊಳಗೇ. ಎರಡು ವರ್ಷದಿಂದ ಮುಂದೂಡುತ್ತಾ ಬಂದ ಕೆಲಸಕ್ಕೆ ಇವತ್ತು ಕೈ ಹಾಕಿದೆ.

ನಮ್ಮ ದೊಡ್ಡಪ್ಪನಿಗೆ ಕ್ಯಾಮೆರಾ ಅಂದರೆ ಪ್ರಾಣ. 2002ರಿಂದ 2013ರವರೆಗೆ ಕೊಡಗಿನ ಶಾಂತಳ್ಳಿ ಸುತ್ತಮುತ್ತ ಸುಗ್ಗಿ ಹಬ್ಬ, ಮದುವೆ, ಹುತ್ತರಿ, ಶಾಲೆ ವಾರ್ಷಿಕೋತ್ಸವ ಏನೇ ಇರಲಿ, ಅವರು ಹಾಜರು. ತೆಗೆದದ್ದನ್ನೆಲ್ಲ ಡಿಸ್ಕಿಗೆ ಬರೆದು ಇಡುತ್ತಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಹೋದ ತಿಂಗಳು ದೊಡ್ಡಮ್ಮ ತಗಡಿನ ಟ್ರಂಕು ಮುಂದೆ ತಳ್ಳಿ, "ನಿನ್ನ ಕೈಲಾದ್ರೆ ನೋಡು ಮಗ, ಇಲ್ಲಿ ಯಾರ ಹತ್ರಾನೂ ಹಾಕಿ ನೋಡೋ ಮಷಿನ್ನೇ ಇಲ್ಲ" ಅಂದರು.

ಎಣಿಸಿದೆ. 41 ಸಿಡಿ, 46 ಡಿವಿಡಿ, ಅಂಗೈಯಷ್ಟಗಲದ ಪುಟ್ಟ ಡಿವಿಡಿ 7. ಒಟ್ಟು 94.

ದೊಡ್ಡಮ್ಮ ಹೇಳಿದ್ದು ನಿಜ. ನನ್ನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಓದುವ ಡ್ರೈವ್ ಇಲ್ಲ, ತಂಗಿಯ ಲ್ಯಾಪ್‌ಟಾಪಿನಲ್ಲಿ ಇಲ್ಲ, ಪಕ್ಕದ ಮನೆಯ ಹುಡುಗನದರಲ್ಲೂ ಇಲ್ಲ. ಮನೆಯ ಡಿವಿಡಿ ಪ್ಲೇಯರ್ ಸಿಡಿಲಿಗೆ ಸುಟ್ಟು ಹೋಗಿದೆ.

ಇದು ಒಂದೇ ದಿನಕ್ಕೆ ಆದದ್ದಲ್ಲ. 1998ರಲ್ಲಿ ಆಪಲ್ ತನ್ನ ಐಮ್ಯಾಕ್‌ನಿಂದ ಫ್ಲಾಪಿ ತೆಗೆದಾಗಲೇ ಈ ದಾರಿ ಶುರುವಾಗಿತ್ತು. 2008ರ ಜನವರಿಯಲ್ಲಿ ಮ್ಯಾಕ್‌ಬುಕ್ ಏರ್ ಡಿಸ್ಕ್ ಡ್ರೈವ್ ಇಲ್ಲದೆ ಬಂತು. ಬೇಕಿದ್ದವರು ಹೊರಗಿನಿಂದ ಸಿಕ್ಕಿಸುವ ಡ್ರೈವ್ ಬೇರೆ ಕೊಳ್ಳಬೇಕು, ಇಲ್ಲವೇ ನೆಟ್‌ವರ್ಕಿನಲ್ಲಿ ಮತ್ತೊಂದು ಕಂಪ್ಯೂಟರಿನ ಡ್ರೈವನ್ನು ಎರವಲು ಪಡೆಯಬೇಕು. 2011ರಲ್ಲಿ ಇಂಟೆಲ್ ತೆಳುವಾದ ಲ್ಯಾಪ್‌ಟಾಪುಗಳಿಗೆ ಅಲ್ಟ್ರಾಬುಕ್ ಅಂತ ಹೆಸರಿಟ್ಟು ಮುಂದೆ ಬಂತು, ಉಳಿದ ಕಂಪನಿಗಳೂ ಅದೇ ಹಾದಿ ಹಿಡಿದವು. ಡ್ರೈವ್ ಇದ್ದ ಕೊನೆಯ ಮ್ಯಾಕ್‌ಬುಕ್ ಪ್ರೋ 2016ರಲ್ಲಿ ನಿಂತಿತು.

ಕಾರಣ ನನಗೆ ಅರ್ಥವಾಗುತ್ತದೆ. ಲ್ಯಾಪ್‌ಟಾಪಿನ ಡ್ರೈವ್ ಅಂದರೆ 12.7 ಮಿಲಿಮೀಟರ್ ದಪ್ಪ, ತೆಳುವಾದದ್ದೂ 9.5. ಡಿಸ್ಕಿನ ಅಗಲವೇ 12 ಸೆಂಟಿಮೀಟರ್. ಅಷ್ಟು ಜಾಗದಲ್ಲಿ ದೊಡ್ಡ ಬ್ಯಾಟರಿ ಕೂರಿಸಬಹುದು. ಒಳಗೆ ತಿರುಗುವ ಮೋಟಾರು, ಓಡಾಡುವ ಲೆನ್ಸು, ಎಲ್ಲ ಬೇಗ ಕೆಡುವಂಥವು. ಸಿನಿಮಾ, ಸಾಫ್ಟ್‌ವೇರ್ ಎಲ್ಲ ಇಂಟರ್ನೆಟ್ಟಿನಲ್ಲೇ ಬರುವಾಗ ಡ್ರೈವ್ ಯಾಕೆ ಅಂತ ಕಂಪನಿಗಳ ವಾದ. ಆದರೆ ದೊಡ್ಡಪ್ಪನ ಸುಗ್ಗಿ ಯಾವ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ? ಅದಕ್ಕೇ ಈ ಕೆಲಸ.

ಜೂನ್ 15

ಸೋಮವಾರಪೇಟೆಯಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿದೆ. ಯುಎಸ್‌ಬಿಯ ತೆಳು ಡಿವಿಡಿ ಡ್ರೈವ್. ಸಿಕ್ಕಿಸಿದೆ. ದೀಪ ಹತ್ತಿತು. ಡಿಸ್ಕ್ ಹಾಕಿದರೆ ಟಕ್, ಟಕ್, ಟಕ್ ಅಂತ ಮೂರು ಸಲ ಹೇಳಿ ಸುಮ್ಮನಾಗುತ್ತದೆ.

ಎರಡು ಸಂಜೆ ಇದಕ್ಕೇ ಹೋಯಿತು. ತಪ್ಪು ಡ್ರೈವಿನದಲ್ಲ, ನಾನು ಸಿಕ್ಕಿಸಿದ ಜಾಗದ್ದು. ಮೌಸು, ಕೀಬೋರ್ಡ್ ಎಲ್ಲ ಸೇರಿಸಿದ ಹಬ್ಬಿಗೇ ಇದನ್ನೂ ಹಾಕಿದ್ದೆ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, 3.0 ಪೋರ್ಟ್ ಕೊಡುವುದು 900. ಮೋಟಾರು ತಿರುಗಲು ಶುರುವಾಗುವ ಆ ಒಂದು ಕ್ಷಣಕ್ಕೆ ಜಾಸ್ತಿ ಕರೆಂಟ್ ಬೇಕು. ಹಬ್ ಬಿಟ್ಟು ಲ್ಯಾಪ್‌ಟಾಪಿನ ನೀಲಿ ಪೋರ್ಟಿಗೆ ನೇರ ಹಾಕಿದೆ, ತಿರುಗಿತು. ನಿಮಗೂ ಡ್ರೈವ್ ಹೀಗೆ ಟಕ್ ಟಕ್ ಅಂದರೆ ಅದು ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಮೊದಲು ಪೋರ್ಟ್ ಬದಲಿಸಿ ನೋಡಿ.

ವಿಂಡೋಸಿನಲ್ಲಿ ಡಿವಿಡಿ ಸಿನಿಮಾ ತಾನಾಗಿ ಓಡುವುದಿಲ್ಲ. ವಿಂಡೋಸ್ 8ರಿಂದಲೇ ಆ ಸೌಲಭ್ಯ ತೆಗೆದಿದ್ದಾರೆ. ವಿಎಲ್‌ಸಿ ಅನ್ನುವ ವೀಡಿಯೋ ಪ್ಲೇಯರ್ ಹಾಕಿಕೊಂಡೆ. ಮೊದಲ ಡಿವಿಡಿ, 2009ರ ಶಾಲೆ ವಾರ್ಷಿಕೋತ್ಸವ, ಪೂರ್ತಿ ಬಂತು.

ಜೂನ್ 24

18 ಡಿಸ್ಕ್ ಆಯಿತು. 5 ಡಿಸ್ಕನ್ನು ಈ ಡ್ರೈವ್ ಓದುತ್ತಲೇ ಇಲ್ಲ.

ಅಟ್ಟದ ಮೇಲೆ ಸತ್ತು ಬಿದ್ದಿದ್ದ ಹಳೇ ಲ್ಯಾಪ್‌ಟಾಪ್ ನೆನಪಾಯಿತು. ತಿರುಗಿಸಿ ನೋಡಿದರೆ ಡ್ರೈವನ್ನು ಹಿಡಿದಿರುವುದು ಅಡಿಯಲ್ಲಿ ಒಂದೇ ಒಂದು ಸ್ಕ್ರೂ. ಬಿಚ್ಚಿ ಎಳೆದೆ, ಮೇಜಿನ ಡ್ರಾಯರಿನ ಹಾಗೆ ಈಚೆ ಬಂತು. ಇದಕ್ಕೆ ಹಾಕುವ ಯುಎಸ್‌ಬಿ ಕೇಸು ಸಿಗುತ್ತದೆ. ಕೊಳ್ಳುವ ಮುಂಚೆ ಡ್ರೈವಿನ ದಪ್ಪ ಅಳೆದುಕೊಳ್ಳಿ. 9.5ರ ಕೇಸಿಗೆ 12.7 ಹೋಗುವುದಿಲ್ಲ.

ಈ ಹಳೇ ಡ್ರೈವ್ ಆ ಐದರಲ್ಲಿ ಮೂರನ್ನು ಓದಿತು. ಒಂದು ಲೇಸರ್‌ಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ. ಹೀಗಾಗಿ ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕುವವರು ದಯವಿಟ್ಟು ಡ್ರೈವ್ ಮಾತ್ರ ಬಿಚ್ಚಿ ಇಟ್ಟುಕೊಳ್ಳಿ.

ಡೆಸ್ಕ್‌ಟಾಪಿನ ದೊಡ್ಡ ಡ್ರೈವೂ ಒಂದು ಸಿಕ್ಕಿತು, ಸೋಮವಾರಪೇಟೆಯ ಸ್ಟುಡಿಯೋದವರು ಸುಮ್ನೆ ಕೊಟ್ಟರು. ಅದಕ್ಕೆ 12 ವೋಲ್ಟ್ ಬೇಕು. ಡ್ರೈವನ್ನು ಯುಎಸ್‌ಬಿಗೆ ಸೇರಿಸಲು ನನ್ನ ಬಳಿ ಇದ್ದ ಸಾಟಾ ಕೇಬಲ್ ಬರೀ 5 ವೋಲ್ಟಿನದು. ಅಡಾಪ್ಟರ್ ಇರುವ ಕೇಬಲ್ ತರಿಸಬೇಕು.

ಜುಲೈ 5

ಬೂಷ್ಟು. ಈ ಮಳೆಗಾಲದ ದೊಡ್ಡ ತಲೆನೋವು ಇದೇ.

ಒಂದು ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. "ಸುಗ್ಗಿ 2006" ಅಂತ ದೊಡ್ಡಪ್ಪನ ದುಂಡು ಅಕ್ಷರ. ಅದರ ಅಂಚಿನಿಂದ ಒಳಕ್ಕೆ ಕೂದಲೆಳೆಗಿಂತ ಸಣ್ಣ ಬಿಳಿ ಎಳೆಗಳು, ಜರಿಗಿಡದ ಎಲೆಯ ಹಾಗೆ ಕವಲೊಡೆದಿವೆ. ಪಕ್ಕದಲ್ಲಿ ಸೂಜಿಮೊನೆಯಷ್ಟು ಎರಡು ತೂತು. ಅವುಗಳೊಳಗಿಂದ ಟ್ಯೂಬ್‌ಲೈಟಿನ ಬೆಳಕೇ ಕಾಣುತ್ತಿದೆ. ಅಲ್ಲಿ ಬೆಳ್ಳಿ ಪದರವೇ ಇಲ್ಲ.

ಸಿಡಿಯ ವಿಷಯದಲ್ಲಿ ನಾವೆಲ್ಲ ತಪ್ಪು ತಿಳಿದಿದ್ದೆವು. ಹೊಳೆಯುವ ಬದಿಗೆ ಗೀರು ಬೀಳಬಾರದು ಅಂತ ಆ ಬದಿಯನ್ನೇ ಕಾಯುತ್ತಿದ್ದೆವು. ಆದರೆ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನಲ್ಲಿ ಮಾಹಿತಿ ಇರುವ ಪದರ ಹೆಸರು ಬರೆಯುವ ಬದಿಗೆ ಅಂಟಿಕೊಂಡಿದೆ. ಅದರ ಮೇಲೆ ತೆಳುವಾದ ವಾರ್ನಿಷ್ ಮಾತ್ರ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೂ ಕೆಡುತ್ತದೆ. ಕೆಳಗಿನ ಗೀರನ್ನು ಉಜ್ಜಿ ಸರಿ ಮಾಡಬಹುದು, ಮೇಲಿನದ್ದನ್ನು ಆಗುವುದಿಲ್ಲ. ಡಿವಿಡಿ ಇದಕ್ಕಿಂತ ಗಟ್ಟಿ. ಅದರಲ್ಲಿ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಪದರ ಇರುತ್ತದೆ. ನನ್ನ ಲೆಕ್ಕವೂ ಹಾಗೇ ಬಂದಿದೆ: ಬೂಷ್ಟಿಗೆ ಬಲಿಯಾದದ್ದು ಹೆಚ್ಚು ಸಿಡಿಗಳೇ.

ತೊಳೆಯುವ ಕ್ರಮ. ನಮ್ಮ ಬಾವಿ ನೀರಿನಲ್ಲಿ ಮಣ್ಣಿನ ಕಣ ಇರುತ್ತದೆ, ಅದು ಗೀರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ಮನೆಯಲ್ಲೇ ಇತ್ತು. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಅಮ್ಮನ ಹಳೇ ಹತ್ತಿ ಸೀರೆಯ ತುಂಡು. ನಡುವಿನಿಂದ ಅಂಚಿಗೆ ನೇರ ಒರೆಸಬೇಕು, ಸುತ್ತ ಸುತ್ತ ಒರೆಸಬಾರದು. ಡಿಸ್ಕಿನಲ್ಲಿ ಮಾಹಿತಿ ಸುರುಳಿಯಾಗಿ ಸುತ್ತುತ್ತದೆ. ಸುತ್ತ ಒರೆಸುವಾಗ ಗೀರು ಬಿದ್ದರೆ ಸಾಲುಸಾಲೇ ಹೋಗುತ್ತದೆ. ನೇರ ಗೀರಾದರೆ ಪ್ರತಿ ಸುತ್ತಿನಲ್ಲೂ ಚೂರು ಮಾತ್ರ ಹೋಗುತ್ತದೆ, ಅಷ್ಟನ್ನು ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ.

ಒಣಗಿಸಲು ಬಿಸಿಲೆಲ್ಲಿ? ಕಪಾಟಿನಲ್ಲಿ ರೇಷ್ಮೆ ಸೀರೆಗೆ ಬೂಷ್ಟು ಬಾರದಿರಲಿ ಅಂತ ಅಮ್ಮ ಸಣ್ಣ ಬಲ್ಬ್ ಉರಿಸುತ್ತಾರಲ್ಲ, ಅಲ್ಲೇ ಒಂದು ಹಲಗೆ ಕೇಳಿ ಪಡೆದೆ. ಒಲೆಯ ಮೇಲಿನ ಅಟ್ಟ ಬೇಡ. ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆ ಕೂರುತ್ತದೆ, ಬರೆಯುವ ಡಿಸ್ಕಿನೊಳಗಿನ ಬಣ್ಣದ ಪದರಕ್ಕೆ ಬಿಸಿಯೂ ಆಗದು.

ಜುಲೈ 19

ಗಾಳಿ ಮಳೆ. ಮೂರು ದಿನದಲ್ಲಿ ಕರೆಂಟ್ ಇದ್ದದ್ದು ಒಟ್ಟು ಆರೇಳು ಗಂಟೆ.

ಈಗ ಬಳಸುತ್ತಿರುವುದು ಡಿಡಿರೆಸ್ಕ್ಯೂ, ಕೆಟ್ಟ ಡಿಸ್ಕಿನಿಂದ ಮಾಹಿತಿ ಎತ್ತುವ ಸಾಫ್ಟ್‌ವೇರ್. ಉಬುಂಟು ಪೆನ್‌ಡ್ರೈವಿನಿಂದ ಬೂಟ್ ಮಾಡಿ ಓಡಿಸುತ್ತೇನೆ. ಸಾಮಾನ್ಯವಾಗಿ ಕಾಪಿ ಮಾಡುವಾಗ ಒಂದು ಕೆಟ್ಟ ಜಾಗ ಸಿಕ್ಕರೆ ಕಂಪ್ಯೂಟರ್ ಅಲ್ಲೇ ಗಂಟು ಬೀಳುತ್ತದೆ, ಕೊನೆಗೆ ಎಲ್ಲ ಬಿಟ್ಟುಬಿಡುತ್ತದೆ. ಇದು ಹಾಗಲ್ಲ. ಕೆಟ್ಟ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ. ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಆಮೇಲೆ ಬಿಟ್ಟ ಜಾಗಗಳಿಗೆ ಹಿಂತಿರುಗಿ ಒಂದೊಂದಾಗಿ ಕೆದಕುತ್ತದೆ. ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತದೆ.

ಆ ಮ್ಯಾಪ್ ಫೈಲಿನ ಬೆಲೆ ನನಗೆ ಈ ವಾರ ಗೊತ್ತಾಯಿತು. ಮಧ್ಯದಲ್ಲಿ ನಿಂತರೂ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಅದೇ ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿ ಅದೇ ಮ್ಯಾಪ್ ಕೊಟ್ಟರೆ ಉಳಿದ ಜಾಗ ಮಾತ್ರ ಓದುತ್ತದೆ. "ಸುಗ್ಗಿ 2006" ಹೀಗೇ ಬಂತು. ಹೊಸ ಡ್ರೈವ್ ಸ್ವಲ್ಪ ಕೊಟ್ಟಿತು, ಹಳೇ ಲ್ಯಾಪ್‌ಟಾಪಿನದು ಇನ್ನಷ್ಟು, ಸ್ಟುಡಿಯೋದವರ ದೊಡ್ಡ ಡ್ರೈವ್ ಮಿಕ್ಕಿದ್ದರಲ್ಲಿ ಮುಕ್ಕಾಲು. ಆ ಎರಡು ತೂತು ಇದ್ದ ಕಡೆಯ ಫೋಟೋ ಮಾತ್ರ ಅರ್ಧಕ್ಕೆ ಬೂದಿಬಣ್ಣ. ಒಂದೇ ಡಿಸ್ಕಿಗೆ ನಾಲ್ಕು ಸಂಜೆ ಹಿಡಿಯಿತು, ಅದು ದಂಡವಲ್ಲ.

ಆಗಸ್ಟ್ 3

ಇವತ್ತು ಕಕ್ಕಡ ಹದಿನೆಂಟು, ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಮದ್ದು ಸೊಪ್ಪಿನ ಪಾಯಸ ತಿಂದು ಕೂತಿದ್ದೇನೆ. 61 ಡಿಸ್ಕ್ ಮುಗಿದಿದೆ.

2002, 2003ರ ಸಿಡಿಗಳು ವಿಸಿಡಿ, ಅಂದರೆ ವೀಡಿಯೋ ಸಿಡಿ, ಆಗಿದ್ದವು. ಉಳಿದವುಗಳ ಹಾಗೆಯೇ ಇಡೀ ಡಿಸ್ಕನ್ನು ಒಂದೇ ಫೈಲಾಗಿ ಇಡುವ ಐಎಸ್‌ಓ ಮಾಡಿದೆ, ಒಂದೂ ಓಡಲಿಲ್ಲ. ಹುಡುಕಿದಾಗ ತಿಳಿಯಿತು. ಡೇಟಾ ಸಿಡಿಯ ಒಂದು ಸೆಕ್ಟರಿನಲ್ಲಿ (ಮಾಹಿತಿ ಇಡುವ ಒಂದು ತುಣುಕಿನಲ್ಲಿ) 2048 ಬೈಟ್, ವಿಸಿಡಿಯ ವೀಡಿಯೋ ಸೆಕ್ಟರಿನಲ್ಲಿ 2324. ಐಎಸ್‌ಓಗೆ ಅಷ್ಟು ಹಿಡಿಸುವುದಿಲ್ಲ. ವಿಸಿಡಿಯನ್ನು ಸೆಕ್ಟರನ್ನು ಪೂರ್ತಿಯಾಗಿ ಉಳಿಸುವ ಬಿನ್-ಕ್ಯೂ ಫೈಲುಗಳಾಗಿಯೇ ತೆಗೆಯಬೇಕು. 9 ಡಿಸ್ಕ್ ಮತ್ತೆ ಮಾಡಿದೆ. ಚಿತ್ರ ಬರೀ 352 ಗುಣಿಸು 288, ಈಗಿನ ಟಿವಿಯಲ್ಲಿ ಮಂಜು ಮಂಜು. ಆದರೂ ದೊಡ್ಡಮ್ಮ ಕೊಟ್ಟಿಗೆಯ ಮುಂದೆ ಕಟ್ಟಿದ ಹಸುವನ್ನು ನೋಡಿ ಅದರ ಹೆಸರು ಹೇಳಿದರು.

ಇನ್ನೊಂದು ಸಿಡಿಯಲ್ಲಿ ಸುಗ್ಗಿಯ ಪದಗಳನ್ನು ದೊಡ್ಡಪ್ಪ ಟೈಪ್ ಮಾಡಿಟ್ಟಿದ್ದರು. ಫೈಲ್ ಸಲೀಸಾಗಿ ಬಂತು, ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಅದು ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರಿನಲ್ಲೂ ನಡೆಯುವ ಅಕ್ಷರ ಕ್ರಮ) ಬಳಕೆಗೆ ಬರುವ ಮುಂಚಿನ ನುಡಿ ಫಾಂಟಿನಲ್ಲಿದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದೆ. ಒತ್ತಕ್ಷರ ಕೆಲವು ಕಡೆ ಪಲ್ಲಟವಾಗಿವೆ, ದೊಡ್ಡಮ್ಮನ ಹತ್ತಿರ ಕೂತು ಹಾಡಿಸಿ ತಿದ್ದುತ್ತಿದ್ದೇನೆ. ಹನ್ನೊಂದು ಪದಗಳಲ್ಲಿ ಆರು ಆಗಿದೆ.

ಆಗಸ್ಟ್ 24

ಆ ಏಳು ಪುಟ್ಟ ಡಿವಿಡಿ.

ಇವು 8 ಸೆಂಟಿಮೀಟರಿನವು, ಕ್ಯಾಮೆರಾದೊಳಗೇ ಹಾಕಿ ನೇರ ಬರೆಯುವಂಥವು. ಒಂದೊಂದಕ್ಕೆ 1.4 ಜಿಬಿ, ಅರ್ಧ ಗಂಟೆಯಷ್ಟು ವೀಡಿಯೋ. ಟ್ರೇಯ ನಡುವಿನ ಸಣ್ಣ ತಗ್ಗು ಇರುವುದು ಇದಕ್ಕೇ. ಬಾಯಿಯಲ್ಲಿ ಎಳೆದುಕೊಳ್ಳುವ ಡ್ರೈವಿಗೆ ಮಾತ್ರ ಹಾಕಬೇಡಿ, ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ.

ನಾಲ್ಕು ಓದಿದವು. ಮೂರು ಖಾಲಿ ಅಂತ ತೋರಿಸಿದವು. ತಿರುಗಿಸಿ ನೋಡಿದರೆ ಖಾಲಿಯಲ್ಲ. ಬರೆದ ಭಾಗಕ್ಕೂ ಬರೆಯದ ಭಾಗಕ್ಕೂ ಬಣ್ಣದಲ್ಲಿ ಗೆರೆ ಎಳೆದಂತೆ ವ್ಯತ್ಯಾಸ ಕಾಣುತ್ತದೆ. ಅಂದರೆ ಫೈನಲೈಸ್ ಮಾಡಿಲ್ಲ. ಚಿತ್ರೀಕರಣ ಮುಗಿದ ಮೇಲೆ ಪರಿವಿಡಿ ಬರೆದು ಡಿಸ್ಕನ್ನು ಮುಚ್ಚುವ ಆ ಕೆಲಸವನ್ನು ಅದೇ ಕ್ಯಾಮೆರಾದಲ್ಲಿ ಮಾಡಬೇಕಿತ್ತು.

ಕ್ಯಾಮೆರಾ ಟ್ರಂಕಿನಲ್ಲೇ ಇದೆ, ಅಡಾಪ್ಟರ್ ಹಾಕಿದರೆ ಆನ್ ಆಗುತ್ತದೆ. ಫೈನಲೈಸ್ ಒತ್ತಿಬಿಡೋಣ ಅಂತ ಕೈ ಹೋಯಿತು. ತಡೆದೆ. ಅದು ಡಿಸ್ಕಿನ ಮೇಲೆ ಹೊಸದಾಗಿ ಬರೆಯುವ ಕೆಲಸ. ನಡುವೆ ಕರೆಂಟ್ ಹೋದರೆ, ಹದಿನೈದು ವರ್ಷದ ಆ ಲೇಸರ್ ಕೈಕೊಟ್ಟರೆ, ಇದ್ದದ್ದೂ ಹೋಗುತ್ತದೆ. ಮೊದಲು ಬರೀ ಓದುವ ದಾರಿ ನೋಡಬೇಕು. ವಿಂಡೋಸಿನಲ್ಲಿ ಐಸೋಬಸ್ಟರ್ ಹಾಕಿದೆ. ಪರಿವಿಡಿ ಇಲ್ಲದಿದ್ದರೂ ಅದು ಡಿಸ್ಕಿನ ಉದ್ದಕ್ಕೂ ಹೋಗಿ ವೀಡಿಯೋ ತುಂಡುಗಳನ್ನು ಹುಡುಕುತ್ತದೆ. ಎರಡು ಡಿಸ್ಕಿನಿಂದ ಪೂರ್ತಿ ಸಿಕ್ಕಿತು. ಒಂದರಲ್ಲಿ ಒಂದು ನಾಮಕರಣ. ಮೂರನೆಯದರಲ್ಲಿ ಏನೂ ಇಲ್ಲ.

ಸೆಪ್ಟೆಂಬರ್ 14

ಮಳೆ ಕಡಿಮೆಯಾಗಿದೆ, ತೋಟ ಕರೆಯುತ್ತಿದೆ. ಲೆಕ್ಕ: 94ರಲ್ಲಿ 81 ಪೂರ್ತಿ, 9 ಅಲ್ಪಸ್ವಲ್ಪ, 4 ಏನೂ ಬಂದಿಲ್ಲ. ಆ ನಾಲ್ಕನ್ನು ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ, ಎಸೆದಿಲ್ಲ. ಬೇರೆ ಡ್ರೈವ್ ಸಿಕ್ಕರೆ ಮತ್ತೆ ಹಾಕುತ್ತೇನೆ.

ಮೂಲ ಐಎಸ್‌ಓಗಳನ್ನು ಹಾಗೇ ಉಳಿಸಿದೆ. ನೋಡಲು ಮಾತ್ರ ಹ್ಯಾಂಡ್‌ಬ್ರೇಕ್ ಅನ್ನುವ ವೀಡಿಯೋ ಸಾಫ್ಟ್‌ವೇರಿನಲ್ಲಿ ಸಣ್ಣದು ಮಾಡಿದೆ. ಡಿಇಂಟರ್‌ಲೇಸ್ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಕುಣಿಯುವವರ ಕೈಕಾಲೆಲ್ಲ ಬಾಚಣಿಗೆ ಹಲ್ಲಿನಂತೆ ಸೀಳಿ ಕಾಣುತ್ತದೆ. ಎರಡು ಹಾರ್ಡ್‌ಡಿಸ್ಕ್. ಒಂದು ಇಲ್ಲಿ, ಒಂದು ಮೈಸೂರಿನಲ್ಲಿ ತಂಗಿಯ ಮನೆಯಲ್ಲಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆಯ ಜೊತೆ ಆಲ್ಬಮ್ಮುಗಳೂ ಹೋದವರನ್ನು ಕಂಡಿದ್ದೇವೆ. ಎರಡೂ ಒಂದೇ ಮನೆಯಲ್ಲಿ ಇಡಲು ನನಗೆ ಮನಸ್ಸಿಲ್ಲ.

ಡಿಸ್ಕ್ ಇಟ್ಟುಕೊಂಡವರು ಇನ್ನು ತಡ ಮಾಡಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. 2025ರ ಫೆಬ್ರವರಿಯಲ್ಲಿ ಸೋನಿ ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆ ನಿಲ್ಲಿಸಿತು. ಡ್ರೈವುಗಳು ಇವತ್ತು ಸಿಗುತ್ತಿವೆ, ಅಷ್ಟೇ.

ಸುದ್ದಿ ಹಬ್ಬಿದೆ. ನಿನ್ನೆ ಮೇಲಿನ ಮನೆಯ ಅಕ್ಕ ಒಂದು ಬಿಸ್ಕೆಟ್ ಡಬ್ಬಿ ತಂದು ಜಗುಲಿಯ ಮೇಲೆ ಇಟ್ಟು ಹೋದರು. ಒಳಗೆ 23 ಡಿಸ್ಕ್. ಮೇಲಿನದರ ಮೇಲೆ "ಮದುವೆ, ಭಾಗ 2" ಅಂತ ಇದೆ. ಭಾಗ 1 ಹುಡುಕಿ ಕೊಡಿ ಅಂತ ಹೇಳಿ ಕಳಿಸಿದ್ದೇನೆ.