ಎರಡು ಕೆಪಾಸಿಟರ್‌ಗಳಿಗಾಗಿ ಒಂದು ಹಗಲು

ಆಷಾಢದ ಒಂದು ಭಾನುವಾರ ಬೆಳಿಗ್ಗೆ ಊರಿನ ಭಜನಾ ಮಂದಿರದವರು ತಮ್ಮ ಮಿಕ್ಸರ್ ಆಂಪ್ಲಿಫೈಯರನ್ನು ನನ್ನ ಮೇಜಿನ ಮೇಲೆ ತಂದಿಟ್ಟಾಗ ತಾಳಮದ್ದಳೆಗೆ ಇನ್ನು ಎರಡೇ ದಿನ ಉಳಿದಿತ್ತು. ಮೈಕಿನ ದನಿಯ ಜೊತೆಗೆ ಗುಂಯ್‌ಗುಡುವ ಸದ್ದೊಂದು ಬಿಡದೆ ಸೇರಿಕೊಂಡು ಭಾಗವತರ ಶ್ರುತಿಯನ್ನು ಕೆಡಿಸುತ್ತಿತ್ತು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದು; ನಾಲ್ಕು ಡಯೋಡುಗಳ ಮೂಲಕ ಅದು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಆದ ಮೇಲೂ ಉಳಿಯುವ ಏರಿಳಿತ 100 ಹರ್ಟ್ಸ್‌ನದು. ಕೇಳಿಸುತ್ತಿದ್ದದ್ದು ಅದೇ. ಮುಖ್ಯ ವಾಲ್ಯೂಮನ್ನು ಪೂರ್ತಿ ಇಳಿಸಿದರೆ ಸದ್ದು ನಿಲ್ಲುತ್ತಿದ್ದುದರಿಂದ, ಮೈಕಿನ ವಿಭಾಗಕ್ಕೆ 15 ವೋಲ್ಟ್ ಒದಗಿಸುವ ಕಡೆಯಲ್ಲಿ ಈ ಏರಿಳಿತವನ್ನು ಅಡಗಿಸುವ ಫಿಲ್ಟರ್ ಕೆಪಾಸಿಟರ್ ಒಣಗಿರಬೇಕೆಂದು ಮುಚ್ಚಳ ತೆಗೆಯುವ ಮೊದಲೇ ಅನ್ನಿಸಿತು.

ಅರ್ಧ ಗಂಟೆಯ ಕೆಲಸವಾಗಬೇಕಿತ್ತು. ಆದರೆ ಬೋರ್ಡಿನ ಬೆಸುಗೆಯ ಬದಿ ಮುಂಭಾಗದ ತಗಡಿಗೆ ಮುಖ ಮಾಡಿ ಕುಳಿತಿತ್ತು. ಅದನ್ನು ತಿರುಗಿಸಲು ಹದಿನೇಳು ನಾಬ್‌ಗಳನ್ನು ಕಿತ್ತು, ಅವುಗಳ ಕೆಳಗಿನ ನಟ್ಟುಗಳನ್ನೂ ಮೈಕ್ ಸಾಕೆಟ್ಟಿನ ಸ್ಕ್ರೂಗಳನ್ನೂ ಬಿಚ್ಚಿ, ಪವರ್ ಟ್ರಾನ್ಸಿಸ್ಟರುಗಳೂ ಅದೇ ಬೋರ್ಡಿಗೆ ಬೆಸೆದುಕೊಂಡಿದ್ದರಿಂದ ಅವನ್ನು ಶಾಖ ಹೊರಹಾಕುವ ಹೀಟ್ ಸಿಂಕ್‌ನಿಂದ, ನಡುವಿನ ಮೈಕಾ ಹಾಳೆ ಹರಿಯದಂತೆ ಬಿಡಿಸಬೇಕಾಯಿತು. ಕೊನೆಗೆ ಬೋರ್ಡು ಮೇಲೆದ್ದಾಗ, ಕನೆಕ್ಟರ್ ಇಲ್ಲದೆ ಎರಡೂ ತುದಿ ಬೆಸೆದಿದ್ದ ರಿಬ್ಬನ್ ವೈರಿನ ಎರಡು ಎಳೆಗಳು ಬುಡದಲ್ಲೇ ತುಂಡಾದವು. ಸರಿಯಾಗಿದ್ದದ್ದು ನನ್ನ ಕೈಯಲ್ಲಿ ಮುರಿಯಿತಲ್ಲ ಎಂದು ಬಹಳ ಬೇಸರವಾಯಿತು.

ಒಳಗೆ ಕಂಡದ್ದು ಇನ್ನೂ ನೋವುಂಟುಮಾಡಿತು. 45 ವೋಲ್ಟನ್ನು 15ಕ್ಕೆ ಇಳಿಸಲು ಪ್ಲಸ್ಸಿಗೊಂದು, ಮೈನಸ್ಸಿಗೊಂದು 560 ಓಮ್‌ನ ರೆಸಿಸ್ಟರನ್ನೂ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಝೀನರ್ ಡಯೋಡನ್ನೂ ಹಾಕಿದ್ದರು. ಉಳಿದ 30 ವೋಲ್ಟು ಪ್ರತಿ ರೆಸಿಸ್ಟರಿನಲ್ಲೂ ಸುಮಾರು 1.6 ವಾಟ್ ಶಾಖವಾಗಿ ವ್ಯಯವಾಗುತ್ತದೆ. ಐದು ವಾಟಿನ ರೆಸಿಸ್ಟರಿಗೆ ಅದು ಹೊರೆಯಲ್ಲ. ಆದರೆ ಅವನ್ನು ಬೋರ್ಡಿಗೆ ಅಂಟಿಸಿದಂತೆ ಕೂರಿಸಿದ್ದರಿಂದ ಸುತ್ತಲಿನ ಬೋರ್ಡು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಅವುಗಳಿಗೆ ಮೈತಾಗಿಸಿಕೊಂಡು ನಿಂತಿದ್ದವು 470 ಮೈಕ್ರೋಫ್ಯಾರಡ್‌ನ, 85 ಡಿಗ್ರಿ ತಾಳಿಕೆಯ ಎರಡು ಕೆಪಾಸಿಟರ್‌ಗಳು. ಇಂಥ ಕೆಪಾಸಿಟರಿನ ಆಯುಸ್ಸು ಶಾಖ ಹತ್ತು ಡಿಗ್ರಿ ಏರಿದಂತೆಲ್ಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮೀಟರಿಗೆ ಹಿಡಿದರೆ ಒಂದು 470ರ ಬದಲು 38 ತೋರಿಸಿತು, ಇನ್ನೊಂದು ಅದಕ್ಕಿಂತಲೂ ಕಡಿಮೆ. ಅದೇ ಬೋರ್ಡಿನಲ್ಲಿ ಎರಡು ಇಂಚು ಆಚೆಗೆ ಅಂಗೈಯಗಲ ಜಾಗ ಖಾಲಿ ಬಿದ್ದಿತ್ತು. ಬಿಡಿಭಾಗದಲ್ಲಿ ಉಳಿತಾಯ ಮಾಡಿದ್ದರೆ ಅರ್ಥವಾಗುತ್ತಿತ್ತು. ಇದನ್ನು ದೂರ ಇಡಲು ಒಂದು ಪೈಸೆಯೂ ಹೆಚ್ಚು ಬೇಕಿರಲಿಲ್ಲ.

105 ಡಿಗ್ರಿಯ ಹೊಸ ಕೆಪಾಸಿಟರ್‌ಗಳನ್ನು ಚಿಕ್ಕ ವೈರುಗಳಿಂದ ಆ ಖಾಲಿ ಜಾಗಕ್ಕೆ ಸಾಗಿಸಿ, ರೆಸಿಸ್ಟರುಗಳನ್ನು ಬೋರ್ಡಿನಿಂದ ಅರ್ಧ ಇಂಚು ಎತ್ತರಿಸಿ ಬೆಸೆದೆ. ರಿಬ್ಬನ್ ವೈರನ್ನು ತೆಗೆದುಹಾಕಿ ಕನೆಕ್ಟರ್ ಕೂರಿಸಿದೆ. ಮುಂದೆ ಇದನ್ನು ತೆರೆಯುವವರು ಯಾರೇ ಆಗಲಿ, ಅಷ್ಟಾದರೂ ಸುಲಭವಾಗಲಿ ಎಂದು. ಅದಕ್ಕೇ ಒಂದೂವರೆ ಗಂಟೆ ಹಿಡಿಯಿತು.

ಎಲ್ಲವನ್ನೂ ಮರಳಿ ಜೋಡಿಸುವಷ್ಟರಲ್ಲಿ ಸಂಜೆಯ ದೀಪ ಹಚ್ಚುವ ಹೊತ್ತಾಗಿತ್ತು. ಎಲ್ಲಾದರೂ ಶಾರ್ಟ್ ಇದ್ದರೆ ಉರಿದು ತೋರಿಸುವ ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಟ್ಟಾಗ ಬಲ್ಬು ಒಮ್ಮೆ ಹೊಳೆದು ಮಂಕಾಯಿತು. ಮೈಕನ್ನು ಸಿಕ್ಕಿಸಿ ವಾಲ್ಯೂಮನ್ನು ನಿಧಾನವಾಗಿ ಏರಿಸಿದೆ. ಸ್ಪೀಕರಿನಿಂದ ಬಂದದ್ದು ಅಂಗಳದಲ್ಲಿ ಸುರಿಯುತ್ತಿದ್ದ ಮಳೆಯ ಸದ್ದು ಮಾತ್ರ.